ಒಂದು ಹಾಡು, ಒಬ್ಬರಿಗೆ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಗೆಳತಿಯೊಬ್ಬಳಿಂದ ಒಂದು ಲಿಂಕ್ ಬಂತು. ಜೊತೆಗೆ ಇಷ್ಟೇ ಬರೆದಿದ್ದಳು: "ಲೈಟ್ ಆರಿಸಿ, ಇಯರ್‌ಫೋನ್ ಹಾಕ್ಕೊಂಡು ಕೇಳು. ಮೊದಲ ಸಲ ಪದಗಳ ಹಿಂದೆ ಹೋಗಬೇಡ." ಹಾಡಿನ ಹೆಸರು 'ಟುನೈಟ್'. ಹಾಡಿದವರು ಸಿಬಿಲ್ ಬೇಯರ್. ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಹಳೇ ಟೇಪಿನ ಸಣ್ಣ ಮೊರೆತ. ಒಂದು ಗಿಟಾರ್. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಅವರಿಗೆ ಎಚ್ಚರ ಆಗಬಾರದು ಅನ್ನುವ ಹಾಗೆ ಹಾಡುವ ದನಿ. ಅಷ್ಟೇ. ಡ್ರಮ್ಸ್ ಇಲ್ಲ, ಹಿಂದೆ ದೊಡ್ಡ ವಾದ್ಯಮೇಳ ಇಲ್ಲ. ನನಗಾಗಿ ಹಾಡುತ್ತಿದ್ದಾರೆ ಅಂತ ಕೂಡ ಅನಿಸಲಿಲ್ಲ. ಅವರ ಪಾಡಿಗೆ ಅವರು ಹಾಡಿಕೊಳ್ಳುತ್ತಿದ್ದಾರೆ, ನಾನು ಬಾಗಿಲ ಹೊರಗೆ ನಿಂತಿದ್ದೇನೆ ಅನಿಸಿತು. ಹಾಡು ಮುಗಿದು ಎಷ್ಟೋ ಹೊತ್ತಾದರೂ ಇಯರ್‌ಫೋನ್ ತೆಗೆಯಲು ಮನಸ್ಸು ಬರಲಿಲ್ಲ.

ಮಾರನೆಯ ದಿನ ಆ ಹಾಡಿನ ಕಥೆ ಹುಡುಕಿದೆ. ಬೇಯರ್ ಜರ್ಮನಿಯವರು. 1970ರಿಂದ 1973ರ ನಡುವೆ ಮನೆಯಲ್ಲೇ ಕೂತು ರೀಲ್ ಟೇಪಿನಲ್ಲಿ ಈ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ಸುಮಾರು ಮೂವತ್ತು ವರ್ಷ ಹಾಡುಗಳು ಹೊರಗಿನ ಲೋಕಕ್ಕೆ ಗೊತ್ತೇ ಇರಲಿಲ್ಲ. ಆಮೇಲೆ ಅವರ ಮಗ ಮನೆಯವರಿಗೆ ಉಡುಗೊರೆ ಕೊಡಲೆಂದು ಅವನ್ನೆಲ್ಲ ಒಂದು ಸಿಡಿಗೆ ಹಾಕಿಸಿದರು. ಅದರ ಒಂದು ಪ್ರತಿಯನ್ನು ಡೈನೋಸಾರ್ ಜೂನಿಯರ್ ಬ್ಯಾಂಡಿನ ಜೆ ಮ್ಯಾಸ್ಕಿಸ್‌ಗೆ ಕೊಟ್ಟರು. ಕಿವಿ ಗಡಚಿಕ್ಕುವಷ್ಟು ಜೋರಾಗಿ ಗಿಟಾರ್ ನುಡಿಸುವ ಮನುಷ್ಯ ಅವರು. ಅಂಥವರು ಈ ಪಿಸುಮಾತಿನ ಹಾಡುಗಳನ್ನು ಕೇಳಿ, ಆರೆಂಜ್ ಟ್ವಿನ್ ಅನ್ನುವ ಒಂದು ಪುಟ್ಟ ಲೇಬಲ್‌ಗೆ, ಅಂದರೆ ಆಲ್ಬಂ ಹೊರತರುವ ಕಂಪನಿಗೆ, ದಾಟಿಸಿದರು. 2006ರಲ್ಲಿ 'ಕಲರ್ ಗ್ರೀನ್' ಅನ್ನುವ ಆಲ್ಬಂ ಬಂತು.

ಅಮ್ಮನಿಂದ ಮಗನಿಗೆ, ಮಗನಿಂದ ಇನ್ನೊಬ್ಬ ಹಾಡುಗಾರನಿಗೆ, ಅಲ್ಲಿಂದ ಲೇಬಲ್‌ಗೆ. ಆಮೇಲೆ ಯಾರ್‍ಯಾರದೋ ಕೈ ದಾಟಿ ನನ್ನ ಗೆಳತಿಗೆ, ಅವಳಿಂದ ನನಗೆ. ಈ ದಾರಿಯಲ್ಲಿ ಒಬ್ಬರು "ಇದನ್ನು ಯಾರು ಕೇಳ್ತಾರೆ ಬಿಡು" ಅಂದುಕೊಂಡು ಸುಮ್ಮನಾಗಿದ್ದರೆ ನನ್ನ ಆ ರಾತ್ರಿಯೇ ಇರುತ್ತಿರಲಿಲ್ಲ. ಅವತ್ತಿನಿಂದ ಹಾಡು ಹಂಚುವುದನ್ನು ನಾನು ಟೈಮ್‌ಪಾಸ್ ಅಂತ ನೋಡಿಲ್ಲ.

ನಾನು ಹೀಗೆ ಹಂಚುವುದು ಹೆಚ್ಚಾಗಿ ಇಂಡೀ ಫೋಕ್ ಅನ್ನುವ ಬಗೆಯ ಹಾಡುಗಳನ್ನು. ಫೋಕ್ ಅಂದ ಕೂಡಲೇ ಅನೇಕರು ಜನಪದ ಗೀತೆ ಅಂದುಕೊಳ್ಳುತ್ತಾರೆ. ಇಂಡೀ ಫೋಕ್ ಅಂದರೆ ಪೂರ್ತಿ ಅದಲ್ಲ. ಹಾಡುಗಳು ಹೊಸವು, ಬರೆದವರ ಹೆಸರು ಗೊತ್ತಿರುತ್ತದೆ. ಆದರೆ ಗಿಟಾರ್ ಅಥವಾ ಬ್ಯಾಂಜೋ ಹಿಡಿದು, ಹತ್ತಿರ ಕೂತು ಕಥೆ ಹೇಳುವ ಹಾಗೆ ಹಾಡುವ ರೀತಿ ಮಾತ್ರ ಅಲ್ಲಿಂದಲೇ ಬಂದದ್ದು. ಇಂಡೀ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ, ಮನೆಯಲ್ಲೋ ಸಣ್ಣ ಲೇಬಲ್ ಮೂಲಕವೋ ಮಾಡಿದ್ದು. ಸ್ಯಾಮ್ ಬೀಮ್ 'ಐರನ್ ಆಂಡ್ ವೈನ್' ಹೆಸರಲ್ಲಿ 2002ರಲ್ಲಿ ತಂದ ಮೊದಲ ಆಲ್ಬಂ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ರೆಕಾರ್ಡರ್‌ನಲ್ಲಿ ಆದದ್ದು. ಜಸ್ಟಿನ್ ವರ್ನನ್ ಚಳಿಗಾಲ ಪೂರ್ತಿ ಅಪ್ಪನ ಕಾಡಿನ ಮನೆಯಲ್ಲಿದ್ದು ತಮ್ಮ ಬ್ಯಾಂಡ್ ಬಾನ್ ಇವೇರ್‌ನ ಮೊದಲ ಆಲ್ಬಂನ ಬಹುಪಾಲು ಹಾಡಿದರು. 2007ರಲ್ಲಿ ಅದನ್ನು ತಾವೇ ಬಿಡುಗಡೆ ಮಾಡಿದರು, ಲೇಬಲ್ ಸಿಕ್ಕಿದ್ದು ಆಮೇಲೆ. ಏಡ್ರಿಯನ್ ಲೆಂಕರ್ 2020ರಲ್ಲಿ ಒಂದೇ ಕೋಣೆಯ ಗುಡಿಸಲಿನಲ್ಲಿ ಕೂತು ಟೇಪಿನಲ್ಲಿ ಆಲ್ಬಂ ಮುಗಿಸಿದರು.

ಹೀಗೆ ಮಾಡಿದ ಹಾಡುಗಳಲ್ಲಿ ಕೋಣೆಯೂ ಕೇಳಿಸುತ್ತದೆ. ಗಿಟಾರ್ ಮೇಲೆ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ತಂತಿ ಕಿರ್ ಅನ್ನುತ್ತದೆ. ಸಾಲು ಶುರುವಾಗುವ ಮುಂಚೆ ಉಸಿರು ಎಳೆದುಕೊಂಡದ್ದು ಗೊತ್ತಾಗುತ್ತದೆ. ದೊಡ್ಡ ಸ್ಟುಡಿಯೋದಲ್ಲಿ ಇದನ್ನೆಲ್ಲ ಹೆಚ್ಚಾಗಿ ಅಳಿಸಿಬಿಡುತ್ತಾರೆ. ನನಗೆ ಬೇಕಿರುವುದೇ ಅದು. ಆ ಕಿರ್ ಸದ್ದು ಬಂದಾಗಲೆಲ್ಲ ಅಲ್ಲೊಂದು ಕೈ ಇದೆ ಅಂತ ನೆನಪಾಗುತ್ತದೆ.

ಕಾನಿ ಕಾನ್ವರ್ಸ್ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. 1950ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ತಾವೇ ಹಾಡು ಕಟ್ಟಿ, ಗಿಟಾರ್ ನುಡಿಸಿ ಹಾಡುತ್ತಿದ್ದರು. ಆಗ ಯಾವ ಕಂಪನಿಯೂ ಅವರ ಆಲ್ಬಂ ತರಲಿಲ್ಲ. ಜೀನ್ ಡೈಚ್ ಅನ್ನುವ ಕಾರ್ಟೂನ್ ಕಲಾವಿದ (ಮುಂದೆ ಕೆಲವು ಟಾಮ್ ಆಂಡ್ ಜೆರ್ರಿ ಕಂತುಗಳನ್ನು ನಿರ್ದೇಶಿಸಿದವರು ಇವರೇ) ತಮ್ಮ ಮನೆಯ ಅಡುಗೆಮನೆಯಲ್ಲಿ ಅವರ ಹಾಡುಗಳನ್ನು ಟೇಪ್ ಮಾಡಿಕೊಂಡರು. 1974ರಲ್ಲಿ ಕಾನಿ ಮನೆಯವರಿಗೂ ಗೆಳೆಯರಿಗೂ ಕಾಗದ ಬರೆದಿಟ್ಟು, ಕಾರು ಹತ್ತಿ ಹೊರಟುಹೋದರು. ಆಮೇಲೆ ಅವರ ಸುಳಿವೇ ಇಲ್ಲ. 2004ರಲ್ಲಿ ಡೈಚ್ ಆ ಹಳೇ ಟೇಪಿನ ಹಾಡೊಂದನ್ನು ನ್ಯೂಯಾರ್ಕ್‌ನ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಕೇಳಿಸಿದರು. ಕೇಳಿದ ಒಬ್ಬ ಯುವಕನಿಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಆತ ಗೆಳೆಯನ ಜೊತೆ ಸೇರಿ ಟೇಪುಗಳನ್ನು ಕಲೆಹಾಕಿ, 2009ರಲ್ಲಿ ಆಲ್ಬಂ ಹೊರತಂದರು. ಹಾಡಿ ಐವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ! ಆ ಹಾಡುಗಳನ್ನು ಕೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಅವತ್ತೇ ಹತ್ತು ಜನ ಇನ್ನೂ ಹತ್ತು ಜನರಿಗೆ ಕೇಳಿಸಿದ್ದರೆ ಏನಾಗುತ್ತಿತ್ತೋ ಅಂತ ಯೋಚನೆ ಬರುತ್ತದೆ.

"ಈ ಹಾಡು ನಂದು, ಎಲ್ಲರಿಗೂ ಗೊತ್ತಾದರೆ ಹಾಳಾಗುತ್ತೆ" ಅನ್ನುವವರನ್ನು ನೋಡಿದ್ದೇನೆ. ಆ ಪ್ರೀತಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ 1974ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡರು. ಬದುಕಿದ್ದಾಗ ಅವರ ಆಲ್ಬಂಗಳನ್ನು ಕೊಂಡವರು ತೀರಾ ಕಮ್ಮಿ. ಎರಡು ರಾತ್ರಿಗಳಲ್ಲಿ ಹಾಡಿ ಮುಗಿಸಿದ, ಅರ್ಧ ಗಂಟೆಯೂ ಇಲ್ಲದ 'ಪಿಂಕ್ ಮೂನ್' ಜಾಸ್ತಿ ಜನರನ್ನು ತಲುಪಿದ್ದು 1999ರಲ್ಲಿ, ಒಂದು ಕಾರಿನ ಜಾಹೀರಾತಿನಿಂದ. ಜಾಹೀರಾತಿನಿಂದ ಬಂದವರು ಎಂಥ ಕೇಳುಗರು ಅಂತ ಕೆಲವರಿಗೆ ಬೇಸರ. ನನಗಂತೂ ಖುಷಿ. ಯಾವ ಬಾಗಿಲಿಂದ ಬಂದರೇನು, ಒಳಗೆ ಬಂದು ಕೂತರಲ್ಲ!

ಹೊಸ ಹಾಡು ಎಲ್ಲಿ ಸಿಗುತ್ತೆ ಅಂತ ಕೆಲವರು ಕೇಳ್ತಿರುತ್ತೀರಿ. ಆ್ಯಪ್ ಕೊಡುವುದು ನಿನ್ನೆ ಕೇಳಿದ ಹಾಡಿನ ಅಣ್ಣತಮ್ಮಂದಿರನ್ನೇ. ಅದರಲ್ಲಿ ತಪ್ಪೇನಿಲ್ಲ, ಆದರೆ ದೂರ ಹೋಗಲು ಆಗುವುದಿಲ್ಲ. ನಾನು ಜಾಸ್ತಿ ಹುಡುಕುವುದು ಬ್ಯಾಂಡ್‌ಕ್ಯಾಂಪ್‌ನಲ್ಲಿ, ಹಾಡಿದವರು ತಮ್ಮ ಆಲ್ಬಂಗಳನ್ನು ತಾವೇ ಮಾರುವ ವೆಬ್‌ಸೈಟ್ ಅದು. ಅಲ್ಲಿ ಆಲ್ಬಂ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ಕೇಳುಗರು ಕೊಂಡ ಬೇರೆ ಆಲ್ಬಂಗಳೆಲ್ಲ ತೆರೆದುಕೊಳ್ಳುತ್ತವೆ. ಗೊತ್ತಿಲ್ಲದವರ ಮನೆಯ ಕಪಾಟು ನೋಡಿದ ಹಾಗೆ. ಇನ್ನೊಂದು ದಾರಿ, ಹಾಡಿನ ಕೆಳಗಿನ ಹೆಸರುಗಳನ್ನು ಓದುವುದು. ರೆಕಾರ್ಡ್ ಮಾಡಿದವರು ಯಾರು, ಜೊತೆಗೆ ದನಿ ಕೊಟ್ಟವರು ಯಾರು. ಆ ಹೆಸರು ಹಿಡಿದು ಹೊರಟರೆ ಒಂದು ವಾರಕ್ಕೆ ಸಾಕಾಗುವಷ್ಟು ಹಾಡು ಸಿಗುತ್ತದೆ.

ಇಷ್ಟವಾದರೆ ಆಲ್ಬಂ ಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ತನ್ನ ಪಾಲೆಂದು ಸಾಮಾನ್ಯವಾಗಿ ಶೇ. 15 ಹಿಡಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಪಾವತಿಯ ಖರ್ಚು ಕಳೆದರೆ ಮಿಕ್ಕಿದ್ದು ಹಾಡಿದವರಿಗೋ ಅವರ ಲೇಬಲ್‌ಗೋ ಹೋಗುತ್ತದೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳದಿದ್ದರೆ ಅದಕ್ಕೆ ರಾಯಧನವೇ ಇಲ್ಲ. ಮನೆಯಲ್ಲಿ ಕೂತು ಮೊದಲ ಹಾಡು ಹಾಕಿದವರಿಗೆ ಆ ಸಾವಿರ ಸಣ್ಣ ಸಂಖ್ಯೆಯಲ್ಲ.

ಹಂಚುವಾಗ ಮಾತ್ರ ಐವತ್ತು ಹಾಡಿನ ಪ್ಲೇಲಿಸ್ಟ್ ಕಳಿಸಬೇಡಿ. ನಾನೂ ಕಳಿಸಿದ್ದೇನೆ, ಯಾರೂ ಕೇಳಿಲ್ಲ. ಒಂದು ಹಾಡು, ಒಬ್ಬರಿಗೆ. ಗುಂಪಿಗಲ್ಲ. ಜೊತೆಗೆ ಒಂದು ಸಾಲು ಬರೆಯಿರಿ. "ಸೂಪರ್ ಸಾಂಗ್" ಅಂದರೆ ಏನೂ ಹೇಳಿದ ಹಾಗಲ್ಲ. "ಎರಡನೇ ಚರಣದಲ್ಲಿ ಗಿಟಾರ್ ನಿಲ್ಲುತ್ತೆ, ಅಲ್ಲಿ ನೀನು ನೆನಪಾದೆ" ಅಂತ ಬರೆದು ನೋಡಿ. ಅವರು ಅಲ್ಲಿಯವರೆಗೆ ಕೇಳಿಯೇ ಕೇಳುತ್ತಾರೆ.

ನನಗೆ 'ಟುನೈಟ್' ಕಳಿಸಿದವಳ ಜೊತೆ ನಡುವೆ ಮಾತು ನಿಂತುಹೋಗಿತ್ತು. ಜಗಳ ಏನಿಲ್ಲ, ಸುಮ್ನೆ ಹಾಗೇ ದೂರವಾಗಿದ್ದೆವು. ಕಳೆದ ವಾರ ಹಾಡೊಂದು ಕೇಳುವಾಗ ಅವಳ ನೆನಪಾಗಿ, "ಕೊನೆಯಲ್ಲಿ ಏನೋ ಕೇಳಿಸುತ್ತೆ, ಏನದು ಹೇಳು" ಅಂತ ಬರೆದು ಕಳಿಸಿದೆ. ಹೇಗಿದ್ದೀಯ ಅಂತ ಕೂಡ ಕೇಳಲಿಲ್ಲ. ಎರಡು ದಿನ ಉತ್ತರ ಇಲ್ಲ. ಮೂರನೆಯ ದಿನ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು.

"ಕುರ್ಚಿಯಿಂದ ಎದ್ದಿದ್ದಾರೆ, ಅಲ್ವಾ? ನಾಲ್ಕು ಸಲ ಕೇಳಿದೆ. ಇನ್ನೊಂದು ಕಳಿಸು."