ಒಲೆ ಹಿಂದಿನ ಎರಡು ಅಡಿ

ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್ ಆರಿಸುವುದಕ್ಕೆ ನಮಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಮೃತಶಿಲೆ ಚಂದ ನಿಜ. ಆದರೆ ನಿಂಬೆಹಣ್ಣು, ಮುರುಗಲು, ಹುಣಸೆ, ಯಾವ ಹುಳಿ ಬಿದ್ದರೂ ಅದರ ಹೊಳಪು ಅಲ್ಲಲ್ಲೇ ಹೋಗುತ್ತದೆ. ಅಪ್ಪೆಹುಳಿ ಕುಡಿಯುವ ಮನೆಗೆ ಅದು ಒಗ್ಗುವುದಿಲ್ಲ. ಅಲ್ಲಿಗೆ ಕಲ್ಲಿನ ಮಾತು ಮುಗಿಯಿತು. ಅದರ ಹಿಂದಿನ ಗೋಡೆ ಇದೆಯಲ್ಲ, ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಬರೀ ಎರಡು ಅಡಿ ಎತ್ತರ, ಹತ್ತು ಅಡಿ ಉದ್ದ, ಅದಕ್ಕೆ ಏನು ಹಚ್ಚಬೇಕು ಅನ್ನುವುದು ಮಾತ್ರ ಮೂರು ವಾರವಾದರೂ ಬಗೆಹರಿಯಲಿಲ್ಲ. ಮೇಸ್ತ್ರಿ ದಿನಾ ಬಂದು ಚಹಾ ಕುಡಿದು, "ಹೆಗಡೇರೆ, ಡ್ಯಾಡೋ ಯಾವ್ದು ಅಂತ ಹೇಳಿಬಿಡಿ" ಎಂದು ಕೇಳಿ ಹೋಗುತ್ತಿದ್ದ. ಗೋಡೆಗೆ ಹಚ್ಚುವ ಈ ಪಟ್ಟಿಗೆ ಅವನ ಭಾಷೆಯಲ್ಲಿ ಡ್ಯಾಡೋ.

ಹಳೇ ಮನೆಯಲ್ಲಿ ಈ ತಲೆಬಿಸಿ ಇರಲಿಲ್ಲ. ಚಿರೆಕಲ್ಲಿನ ಗೋಡೆ, ಎದುರಿಗೆ ಕಟ್ಟಿಗೆ ಒಲೆ. ಗೋಡೆಯ ಬಣ್ಣವನ್ನು ಹೊಗೆಯೇ ತೀರ್ಮಾನ ಮಾಡಿತ್ತು, ಯಾರ ಒಪ್ಪಿಗೆಯನ್ನೂ ಕೇಳದೆ.

ಶಿರಸಿ ಪೇಟೆಯ ಟೈಲ್ಸ್ ಅಂಗಡಿಗೆ ಹೋದೆವು. ಗುಜರಾತಿನ ಮೋರ್ಬಿಯಿಂದ ಬಂದ ಡಬ್ಬಗಳು ಮಾಡಿನವರೆಗೆ ಪೇರಿಸಿದ್ದವು. ಅಂಗಡಿಯವರು ಮೊದಲು ತೋರಿಸಿದ್ದು 'ಹೈಲೈಟರ್', ಅಂದರೆ ಸಾದಾ ಟೈಲ್ಸ್ ನಡುವೆ ಅಲ್ಲಲ್ಲಿ ಕೂರಿಸುವ ಚಿತ್ರದ ಟೈಲ್ಸ್. ಕಾಫಿ ಕಪ್, ದ್ರಾಕ್ಷಿ ಗೊಂಚಲು, ಸ್ಟ್ರಾಬೆರಿ, ಡೊಣ್ಣಮೆಣಸು. ಸ್ಟ್ರಾಬೆರಿಯನ್ನು ನಮ್ಮ ಮನೆಯಲ್ಲಿ ಯಾರೂ ಇವತ್ತಿನವರೆಗೆ ಒಲೆ ಹತ್ತಿರ ತಂದಿಲ್ಲ. ಹಲಸಿನಕಾಯಿ ಇರುವ ಟೈಲ್ಸ್ ಇದೆಯಾ ಅಂತ ಕೇಳಿದೆ. ತಮಾಷೆಗಲ್ಲ, ನಿಜವಾಗಿಯೂ ಬೇಕಿತ್ತು. ಅವರು ನಕ್ಕು ಇನ್ನೊಂದು ದ್ರಾಕ್ಷಿ ತೋರಿಸಿದರು.

ಮಗಳು ಫೋನಿನಲ್ಲಿ ನೋಡಿ ಹಿಡಿದಿದ್ದು ಸಬ್‌ವೇ ಟೈಲ್ಸ್. ಮೂರಕ್ಕೆ ಆರು ಇಂಚಿನ ಬಿಳಿ ಬಿಲ್ಲೆ, ಇಟ್ಟಿಗೆ ಕಟ್ಟಿದ ಹಾಗೆ ಜೋಡಿಸುವುದು. 1904ರಲ್ಲಿ ನ್ಯೂಯಾರ್ಕಿನ ನೆಲದಡಿ ರೈಲು ಶುರುವಾದಾಗ ನಿಲ್ದಾಣದ ಗೋಡೆಗೆ ಹಚ್ಚಿದ್ದಂತೆ, ಅದಕ್ಕೇ ಆ ಹೆಸರು. ಕಪ್ಪು ಕಲ್ಲಿಗೆ ಎದ್ದು ಕಾಣುತ್ತದೆ, ಒಪ್ಪೋಣ. ನಾನು ಚೀಟಿ ಹಿಂದೆ ಲೆಕ್ಕ ಹಾಕಿದೆ. ಚದರ ಅಡಿಗೆ 8 ಬಿಲ್ಲೆ, ನಮ್ಮ ಗೋಡೆಗೆ 160. ಅದೇ ಒಂದಕ್ಕೆ ಎರಡು ಅಡಿಯ ದೊಡ್ಡ ಟೈಲ್ಸ್ ಆದರೆ ಬರೀ 10. ಈ ಲೆಕ್ಕ ಕೇಳಿದ ಆಯಿ ಒಂದೇ ಮಾತು ಹೇಳಿದಳು: "ತಮಾ, ಅಷ್ಟು ಸಂದಿ ಯಾರು ತಿಕ್ತ?"

ನನ್ನ ತಲೆಯಲ್ಲಿ ಬೇರೆಯೇ ಇತ್ತು. ನಮ್ಮ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದ್ದೀರಲ್ಲ, ಸುಣ್ಣದ ಬಿಳಿ ಮೇಲೆ ಆ ಕೆಮ್ಮಣ್ಣಿನ ಕೆಂಪು? ಕಪ್ಪು ಕಲ್ಲಿನ ಮೇಲೆ ಅಂಥದೊಂದು ಬಳ್ಳಿ ಓಡಿದರೆ! ಹೆಂಡತಿ ಪಾತ್ರೆ ಒರೆಸುತ್ತಲೇ, "ದೇವಸ್ಥಾನದ ಗೋಡೆಗೆ ಯಾರಾದ್ರೂ ಒಗ್ಗರಣೆ ಸಿಡಿಸ್ತಾರಾ?" ಅಂದಳು. ಬಳ್ಳಿ ಅಲ್ಲೇ ಒಣಗಿತು.

ಉಳಿದ ಗ್ರಾನೈಟನ್ನೇ ಗೋಡೆಗೂ ಏರಿಸೋಣ ಅಂದ ಮೇಸ್ತ್ರಿ. ಸಂದಿಯೇ ಇಲ್ಲ, ತಿಕ್ಕುವ ಗೋಳೂ ಇಲ್ಲ. ಆದರೆ ಇದು ಶಿರಸಿ. ಆಷಾಢದಲ್ಲಿ ಮಧ್ಯಾಹ್ನ ಎರಡಕ್ಕೂ ಲೈಟ್ ಹಾಕಬೇಕು, ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಕಪ್ಪು ಕಟ್ಟೆ, ಕಪ್ಪು ಗೋಡೆ, ಕಪ್ಪು ಬಾಣಲೆ. ಸಾಸಿವೆ ಸೀದಿದ್ದು ವಾಸನೆಯಿಂದಲೇ ಗೊತ್ತಾಗಬೇಕು.

ಕೊನೆಗೆ ಸ್ಯಾಂಪಲ್ ತುಂಡುಗಳನ್ನು ಮನೆಗೇ ತಂದು ಒಲೆ ಹಿಂದೆ ಒರಗಿಸಿ ಇಟ್ಟೆವು. ಅಂಗಡಿಯ ಝಗಮಗ ಲೈಟಿನಲ್ಲಿ ಕೆನೆ ಬಣ್ಣ ಅಂದುಕೊಂಡಿದ್ದು ಮಳೆ ಬೆಳಕಿನಲ್ಲಿ ಬೂದಿ ಬಣ್ಣ ಆಗಿತ್ತು. ಬೂದಿ ಅಂದಿದ್ದು ಏನಾಗಿತ್ತೋ ಹೇಳುವುದೇ ಬೇಡ. ಎರಡು ಸಣ್ಣ ಬಿಲ್ಲೆಗಳ ನಡುವೆ ಮೇಸ್ತ್ರಿ ಬಿಳಿ ಸಿಮೆಂಟ್ ತುಂಬಿ ಕೊಟ್ಟಿದ್ದ. ಆಯಿ ಮಾಮೂಲಿನಂತೆ ಒಗ್ಗರಣೆ ಹಾಕಿದಳು. ಚಟಪಟ ಅಂತು, ಎರಡು ಸಾಸಿವೆ ಹಾರಿ ಹೋಗಿ ಟೈಲ್ಸಿಗೆ ಅಂಟಿದವು, ಅರಿಶಿನದ ಎಣ್ಣೆ ಹನಿ ಒಂದು ನಿಧಾನಕ್ಕೆ ಇಳಿದು ಸಂದಿ ಸಿಕ್ಕಿದ್ದೇ ಅಡ್ಡ ಹರಿಯಿತು. ಟೈಲ್ಸ್ ಮೇಲಿನದು ಬಟ್ಟೆಯಲ್ಲಿ ಹೋಯಿತು. ಸಂದಿಯದು ಸೋಪಿಗೂ ಜಗ್ಗಲಿಲ್ಲ. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ, ನಿಜ, ಆದರೆ ಅಡುಗೆಮನೆ ಗೋಡೆಯನ್ನು ಅಂಗಳಕ್ಕೆ ಹೇಗೆ ಒಯ್ಯುವುದು? ಒಯ್ದರೂ ಬಿಸಿಲೆಲ್ಲಿ? ಮಗಳು ಅದನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ನ್ಯೂಯಾರ್ಕ್ ಸುದ್ದಿ ಎತ್ತಲಿಲ್ಲ.

ದೊಡ್ಡ ಟೈಲ್ಸೇ ಹಾಕಿಸಿದೆವು. ಹಾಲಿನ ಬಿಳಿಗೆ ಚೂರು ಹಳದಿ ಬೆರೆಸಿದ ಬಣ್ಣ, ನುಣ್ಣಗಿನದು. ಸಂದಿಗೆ ಬೂದು ಬಣ್ಣದ ಎಪಾಕ್ಸಿ, ಅಂದರೆ ಸಿಮೆಂಟಿನ ಬದಲು ತುಂಬುವ ರಾಳದಂಥ ಅಂಟು. ದುಡ್ಡು ಜಾಸ್ತಿ, ಆದರೆ ಎಣ್ಣೆ ಹೀರುವುದಿಲ್ಲ. ಅರಿಶಿನ ಬಿದ್ದರೂ ಆ ಹಳದಿಯಲ್ಲಿ ಸ್ವಲ್ಪ ಮರೆಯಾಗುತ್ತದೆ ಅನ್ನುವುದು ನನ್ನ ಗುಟ್ಟಿನ ಲೆಕ್ಕ.

ದ್ರಾಕ್ಷಿ ಗೊಂಚಲಿನ ಸ್ಯಾಂಪಲ್ ವಾಪಸ್ ಕೊಡುವುದಕ್ಕೆ ಮರೆತೆವು. ಈಗ ಅದರ ಮೇಲೆ ಆಯಿ ಬಿಸಿ ಸಾರಿನ ಪಾತ್ರೆ ಇಡುತ್ತಾಳೆ.