ಗುಮ್ಮಟದೊಳಗೆ ಕತ್ತಲು, ಹೊರಗೆ ಜಾತ್ರೆ

ಲಾಸ್ ಏಂಜಲೀಸ್ ನಗರದ ನೆತ್ತಿಯ ಮೇಲೆ, ಸುಮಾರು 1,740 ಮೀಟರ್ ಎತ್ತರದಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯ ಇದೆ. ಅಲ್ಲಿನ ಹೂಕರ್ ದೂರದರ್ಶಕದ ಕನ್ನಡಿ 100 ಇಂಚು ಅಗಲ, ಅದನ್ನು ಮುಚ್ಚಿರುವ ಗುಮ್ಮಟ 100 ಅಡಿ ಅಗಲ. ಆ ಗುಮ್ಮಟಕ್ಕಿರುವಷ್ಟು ಮಡಿ ನಮ್ಮ ಅಜ್ಜಿಯರ ಅಡುಗೆಮನೆಗೂ ಇರಲಿಲ್ಲ ಬಿಡಿ.

ಹಗಲು ಬಿಸಿಲು ತಾಗಿತೋ, ಮೈಲಿಗೆ. 1917ರ ನವೆಂಬರ್ 1ರ ರಾತ್ರಿ ಮೊದಲ ಸಲ ಈ ವೀಕ್ಷಣಾಲಯ ಕಟ್ಟಿಸಿದ ಜಾರ್ಜ್ ಎಲರಿ ಹೇಲ್ ಕಣ್ಣಿಟ್ಟು ನೋಡಿದರೆ ಒಂದೇ ಗುರುಗ್ರಹ ಆರೇಳಾಗಿ ಕಂಡಿತಂತೆ! ಕೆಲಸದವರು ಹಗಲೆಲ್ಲ ಗುಮ್ಮಟ ತೆರೆದಿಟ್ಟಿದ್ದರು. ಕನ್ನಡಿ ಕಾದು ಆಕಾರ ಕೆಟ್ಟಿತ್ತು. 4 ಟನ್‌ಗೂ ಜಾಸ್ತಿ ತೂಕದ ಗಾಜು, ಬೀಸಣಿಗೆ ಹಿಡಿದರೆ ಆರುತ್ತದೆಯೇ? ಬೆಳಗಿನ ಜಾವದವರೆಗೆ ಕಾದು ಅಭಿಜಿತ್ ನಕ್ಷತ್ರ ನೋಡಿದಾಗಲೇ ಹೇಲ್‌ಗೆ ಹೋದ ಜೀವ ಬಂದದ್ದು.

ಅದಕ್ಕೇ ಗುಮ್ಮಟದ ಗೋಡೆ ಎರಡು ಪದರ. ರಾತ್ರಿ ಒಳಗೆ ಹೀಟರ್ ಇಲ್ಲ, ಬಿಸಿ ಗಾಳಿ ಎದ್ದರೆ ನಕ್ಷತ್ರ ನಡುಗುತ್ತದೆ. ನಡುಗುವ ಕೆಲಸವನ್ನು ಖಗೋಳಜ್ಞರೇ ವಹಿಸಿಕೊಳ್ಳಬೇಕು. ಆಕಾಶ ಸರಿದಂತೆ ದೂರದರ್ಶಕ ಸರಿಯುತ್ತದೆ. ಅದರ ಹಿಂದೆಯೇ ನೂರಾರು ಟನ್ ಉಕ್ಕಿನ ಗುಮ್ಮಟ ಹಳಿಯ ಮೇಲೆ ತಿರುಗಬೇಕು. ತಿರುಗಿಸುವುದು ಮರೆತರೆ ನೂರು ಇಂಚಿನ ಕನ್ನಡಿ ಗುಮ್ಮಟದ ತಗಡನ್ನೇ ಅಧ್ಯಯನ ಮಾಡುತ್ತಾ ಕೂರುತ್ತದೆ. ಒಳಗೆ ಯಾರಾದರೂ ಟಾರ್ಚ್ ಹಚ್ಚಿದರೆ ಮಹಾಪರಾಧ.

ಇಷ್ಟೆಲ್ಲ ಮಡಿ ಮಾಡಿ ಗುಮ್ಮಟದ ಕಿಂಡಿ ತೆರೆದರೆ ಕೆಳಗೆ ಏನು? ಇಡೀ ಲಾಸ್ ಏಂಜಲೀಸ್! ರಸ್ತೆ ದೀಪ, ಕಾರು ಷೋರೂಮು, ಖಾಲಿ ಪಾರ್ಕಿಂಗ್ ಜಾಗ, ಎಲ್ಲವೂ ಧಗಧಗ. ದೀಪ ಹಾಕಿದ್ದು ರಸ್ತೆಗೆ, ಅರ್ಧ ಬೆಳಕು ಹೋಗುವುದು ಮೋಡಕ್ಕೆ. ಮೇಲೆ ಕೂತ ವಿಜ್ಞಾನಿಗೆ ಬೆಂಕಿಕಡ್ಡಿ ಗೀರಲು ಅನುಮತಿ ಇಲ್ಲ, ಕೆಳಗಿನ ಹಳೇ ಟೈರು ಅಂಗಡಿಗೆ ರಾತ್ರಿಯಿಡೀ ದೀಪಾವಳಿ. ಕತ್ತಲು ಬೇಕೆಂದರೆ ಮಂಜನ್ನೇ ನಂಬಬೇಕು. ಸಮುದ್ರದಿಂದ ಮಂಜು ಬಂದು ಊರನ್ನು ಮುಚ್ಚಿದ ರಾತ್ರಿ ಆಕಾಶ ಚೆನ್ನಾಗಿರುತ್ತದೆ. ನಗರಾಡಳಿತ ಮಾಡದ ಕೆಲಸವನ್ನು ಮಂಜು ಪುಕ್ಕಟೆ ಮಾಡಿಕೊಡುತ್ತದೆ.

ಮನುಷ್ಯರೂ ಒಮ್ಮೆ ದೀಪ ಆರಿಸಿದ್ದರು, ಸುಳ್ಳು ಹೇಳಬಾರದು. ಅದಕ್ಕೆ ಎರಡನೇ ಮಹಾಯುದ್ಧ ಬೇಕಾಯಿತು. ಶತ್ರು ವಿಮಾನದ ಭಯಕ್ಕೆ ಊರು ಕತ್ತಲಾಯಿತು. ಇಲ್ಲಿನ ಖಗೋಳಜ್ಞ ವಾಲ್ಟರ್ ಬಾಡೆ ಜರ್ಮನಿಯವರು, ಹಾಗಾಗಿ ಯುದ್ಧದ ಕೆಲಸಕ್ಕೆ ಅವರನ್ನು ಸೇರಿಸಲಿಲ್ಲ. ಸರಿ, ಅವರು ಈ ಗುಮ್ಮಟದಲ್ಲೇ ಕೂತು ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದ ಬಿಡಿ ಬಿಡಿ ನಕ್ಷತ್ರಗಳನ್ನು ಹಿಡಿದರು. ನಕ್ಷತ್ರಗಳಲ್ಲಿ ಎರಡು ಪಂಗಡ ಇವೆ ಎಂದು 1944ರಲ್ಲಿ ಪ್ರಕಟಿಸಿದರು. ಹಾಗಾದರೆ ಮುಂದಿನ ದೊಡ್ಡ ಸಂಶೋಧನೆಗೆ ಯಾವ ದೇಶದ ಮೇಲೆ ಯುದ್ಧ ಸಾರೋಣ? ಸಂಶೋಧನಾ ಅನುದಾನದ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರಲಿ.

ಯುದ್ಧ ದುಬಾರಿ ಎನಿಸಿದರೆ ಭೂಕಂಪವೂ ಆದೀತು. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸಿನ ನಾರ್ತ್‌ರಿಜ್ ಭೂಕಂಪಕ್ಕೆ ಊರಿನ ಕರೆಂಟು ಹೋಯಿತು. ಹೊರಗೆ ಓಡಿಬಂದ ಜನ ತಲೆಯೆತ್ತಿ ನೋಡಿ ಮತ್ತೊಮ್ಮೆ ಬೆಚ್ಚಿದರು. ಆಕಾಶ ಯಾಕೆ ಹೀಗೆ ವಿಚಿತ್ರವಾಗಿದೆ ಎಂದು ಗ್ರಿಫಿತ್ ವೀಕ್ಷಣಾಲಯಕ್ಕೆ ಫೋನ್ ಮಾಡಿದರು. ಸುಮ್ನೆ ನಕ್ಷತ್ರ ಸ್ವಾಮಿ, ಅಷ್ಟೇ. 1985ರಲ್ಲಿ ಹೂಕರ್ ದೂರದರ್ಶಕವನ್ನು ಕೆಲವು ವರ್ಷ ನಿಲ್ಲಿಸಿದಾಗ ಊರಿನ ಬೆಳಕೂ ಒಂದು ಕಾರಣವಾಗಿತ್ತು. ಆಗ ಮಾತ್ರ ಯಾರೂ ಫೋನ್ ಮಾಡಿ ಗಾಬರಿ ತೋಡಿಕೊಂಡ ಹಾಗೆ ಕಾಣಲಿಲ್ಲ.

ನಾವು ನಗುವ ಹಾಗೇನೂ ಇಲ್ಲ. ಲಡಾಖಿನ ಹಾನ್ಲೆಯಲ್ಲಿರುವ, ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಹಾನ್ಲೆಯ ಜನ ಕಿಟಕಿಗೆ ದಪ್ಪ ಪರದೆ ಹಾಕಿ ಕತ್ತಲು ಕಾಯುತ್ತಾರೆ. ಇಲ್ಲಿ ಗುಂಡಿ ಒತ್ತಿ ಅಲ್ಲಿನ ಗುಮ್ಮಟ ತೆರೆದವರು ಟೀ ಕುಡಿಯಲು ಹೆದ್ದಾರಿಗೆ ಬಂದರೆ ಎದುರಿಗೆ ಎಲ್‌ಇಡಿ ಫಲಕ: ಮನೆ ಕೊಳ್ಳಿ, ಬಾಲ್ಕನಿಯಲ್ಲಿ ಕೂತು ನಕ್ಷತ್ರ ಎಣಿಸಿ.