ಕೆರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮಜ್ಜಿ ಮದುವೆಯಾಗಿ ಬೆಂಗಳೂರಿನಂಚಿನ ವರ್ತೂರಿಗೆ ಬಂದಾಗ ಹಿತ್ತಿಲ ಬಾವಿಗೆ ನಾಲ್ಕು ಮಾರು ಹಗ್ಗ ಬಿಟ್ಟರೆ ಬಿಂದಿಗೆ ಮುಳುಗುತ್ತಿತ್ತಂತೆ. ಕೆರೆಯಲ್ಲಿ ನೀರಿದ್ದರೆ ಬಾವಿಯಲ್ಲೂ ನೀರು. ಹೀಗೆ ನಲವತ್ತು ವರ್ಷ ಸೇದಿದ್ದಾಳೆ. ಅದರಿಂದ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕಕ್ಕೆ, ಆದ ಲಾಭ ಹೆಚ್ಚುಕಮ್ಮಿ ಸೊನ್ನೆ. ಬೇಕಾದರೆ ಹಗ್ಗ ಕೊಂಡ ದುಡ್ಡನ್ನು ಹಿಡಿಯಿರಿ.

ಎಕನಾಮಿಕ್ಸ್ ಓದುತ್ತಿರುವ ಮೊಮ್ಮಗ ಇದನ್ನು ವಿವರಿಸಿದಾಗ ಅಜ್ಜಿಗೆ ಸಿಟ್ಟು ಬಂತು.

‘ನಾನು ಸೇದಿದ್ದು ನೀರಲ್ವೇನೋ?’

‘ನೀರೇ ಅಜ್ಜಿ. ಬಿಲ್ ಎಲ್ಲಿ?’

ಈಗ ಪರವಾಗಿಲ್ಲ, ಅಜ್ಜಿ ದೇಶ ಕಟ್ಟುತ್ತಿದ್ದಾಳೆ. ಬಾವಿ ಬತ್ತಿತು, ಬೋರ್ ಕೊರೆಸಿದೆವು: ಬೆಳವಣಿಗೆ. ಬರೀ ಧೂಳು ಬಂತು, ಪಕ್ಕದಲ್ಲೇ ಇನ್ನೊಂದು ಕೊರೆಸಿದೆವು: ಇನ್ನಷ್ಟು ಬೆಳವಣಿಗೆ. ಆಮೇಲೆ ಟ್ಯಾಂಕರ್. ಟ್ಯಾಂಕರ್ ನೀರು ಬಾಯಿಗಿಡಲಾಗದೆ ಕ್ಯಾನ್. ಆ ನೀರಲ್ಲಿ ಮಿಂದು ಕೂದಲು ಉದುರಿತೆಂದು ಎಣ್ಣೆ. ಕೆರೆ ಚೆನ್ನಾಗಿದ್ದರೆ ಇಷ್ಟು ವ್ಯಾಪಾರ ಎಲ್ಲಾಗುತ್ತಿತ್ತು?

ಪಕ್ಕದ ಬೆಳ್ಳಂದೂರು ಕೆರೆಯಂತೂ ದುಡಿಮೆಯಲ್ಲಿ ಎತ್ತಿದ ಕೈ. ಊರೆಲ್ಲ ಸೋಪಿನ ಪುಡಿ ಕೊಂಡು ಬಟ್ಟೆ ಒಗೆದು ಚರಂಡಿಗೆ ಬಿಟ್ಟರೆ ಅದು ಕೆರೆಯಲ್ಲಿ ನೊರೆಯಾಗುತ್ತದೆ. ಕೋಡಿಯಲ್ಲಿ ಉಕ್ಕಿದ ನೊರೆ ಗಾಳಿಗೆ ಹಾರಿ ಸ್ಕೂಟರ್‌ನವನ ಮುಖಕ್ಕೆ ಅಂಟುತ್ತದೆ, ಕ್ಷೌರಕ್ಕೆ ಕೂತವನ ಹಾಗೆ. ಅದನ್ನು ತಡೆಯಲು ರಸ್ತೆ ಪಕ್ಕ ಜಾಲರಿ ಕಟ್ಟಿದರು. ಸೋಪೂ ಜಿಡಿಪಿ, ಜಾಲರಿಯೂ ಜಿಡಿಪಿ. 2017ರ ಫೆಬ್ರವರಿಯಲ್ಲಿ ಆ ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿತ್ತು. ಆರಿಸಲು ಸೇನೆಯ ಯೋಧರು ಬಂದರು. ಉರಿಯುವ ಬೆಂಕಿಗೆ ನೀರು ಸುರಿಯುವುದು ಎಲ್ಲರಿಗೂ ಗೊತ್ತು. ಉರಿಯುವ ಕೆರೆಗೆ ಏನು ಸುರಿಯಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿರಲಿಲ್ಲ.

ಅದೇ ಕೆರೆ ಕಡೆಗೆ ಕಿಟಕಿ ಇರುವ ಫ್ಲ್ಯಾಟಿಗೆ ‘ಲೇಕ್ ವ್ಯೂ’ ಅಂತ ಲಕ್ಷಗಟ್ಟಲೆ ಜಾಸ್ತಿ. ಕೊಂಡವರು ಮೊದಲು ಮಾಡುವ ಕೆಲಸ ಆ ಕಿಟಕಿ ಮುಚ್ಚಿ ಏಸಿ ಹಾಕಿಸುವುದು.

2022ರ ಸೆಪ್ಟೆಂಬರ್ ಮಳೆಯಲ್ಲಿ ನೀರು ತನ್ನ ಹಳೇ ವಿಳಾಸ ಹುಡುಕಿಕೊಂಡು ಹೊರವರ್ತುಲ ರಸ್ತೆಗೇ ಬಂತು. ಗದ್ದೆ ಉಳಬೇಕಾದ ಟ್ರ್ಯಾಕ್ಟರ್ ಟೆಕ್ಕಿಗಳನ್ನು ಹೇರಿಕೊಂಡು ಆಫೀಸಿಗೆ ಬಿಟ್ಟಿತು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಮಾರ್ಚ್‌ನಲ್ಲಿ, ಅದೇ ಊರಲ್ಲಿ ಕುಡಿಯಲು ನೀರಿಲ್ಲ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮನೆಯ ಬೋರೂ ಒಣಗಿದೆ ಎಂದರು. ಸಮಾನತೆ ಅಂದರೆ ಇದು! ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ದರ ಕಟ್ಟಿದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಎಂದರು, ಅಂದರೆ ಐದು ಟ್ಯಾಂಕರ್.

ಹಿಂದೆಲ್ಲ ಕೆರೆ ಕೋಡಿ ಬಿದ್ದಾಗ ಅಜ್ಜಿ ಮೊರದಲ್ಲಿ ಬಾಗಿನ ಬಿಡುತ್ತಿದ್ದಳು. ಹೋದ ಆಯುಧಪೂಜೆಗೆ ನಮ್ಮ ಬೀದಿಗೆ ಟ್ಯಾಂಕರ್ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿಕೊಂಡು ಬಂತು. ಅಜ್ಜಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮೆಲ್ಲಗೆ ಮೆಟ್ಟಿಲಿಳಿದು, ನೀರು ತೊಟ್ಟಿಕ್ಕುತ್ತಿದ್ದ ಅದರ ವಾಲ್ವಿಗೆ ಬೊಟ್ಟಿಟ್ಟು ಕೈಮುಗಿದಳು.

ಪೈಪು ಬಿಚ್ಚುತ್ತಿದ್ದ ಡ್ರೈವರ್ ತಿರುಗಿ ನೋಡಿದ. ‘ಅಜ್ಜಿ, ಪೂಜೆ ಆಮೇಲೆ ಮಾಡ್ಕೊಳ್ಳಿ. ಮೊದ್ಲು ಮೊಮ್ಮಗನ ಕೈಲಿ ಫೋನ್‌ಪೇ ಮಾಡ್ಸಿ.’